ಗೋಬಿ ಗಾಡಿ ಮುಂದೆ ನಿಂತಾಗ ಮೊದಲು ಬಾಣಲೆ ನೋಡಿ

ಗೋಬಿ ಬಿಡಿ, ಬಜ್ಜಿ ಮುಟ್ಟಬೇಡಿ ಅಂತ ನಾನು ಹೇಳುವುದಿಲ್ಲ. ಆಫೀಸು ಮುಗಿಸಿ ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿರುತ್ತದೆ, ಎದುರಿಗೇ ಗಾಡಿ, ಬೆಳ್ಳುಳ್ಳಿ ಹುರಿಯುವ ವಾಸನೆ ಬೇರೆ. ತಿನ್ನಿ. ಆದರೆ ನೋಡಿ ತಿನ್ನಿ.

ಆರ್ಡರ್ ಕೊಡುವ ಮುಂಚೆ ಒಂದು ನಿಮಿಷ ಪಕ್ಕಕ್ಕೆ ನಿಂತು ಬಾಣಲೆ ಗಮನಿಸಿ. ಎಣ್ಣೆ ಡಿಕಾಕ್ಷನ್ ಥರ ಕಪ್ಪಗಿದೆಯಾ? ಮೇಲೆ ನೊರೆ ಕಟ್ಟಿ ಹಾಗೇ ನಿಲ್ಲುತ್ತದಾ? ಏನೂ ಹಾಕದೇ ಇದ್ದರೂ ಹೊಗೆ ಬಂದು ಕಣ್ಣು ಉರಿಯುತ್ತದಾ? ಹಾಗಿದ್ದರೆ ಮುಂದಿನ ಗಾಡಿಗೆ ನಡೆಯಿರಿ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದು ಕೆಟ್ಟು, ಪೋಲಾರ್ ಕಾಂಪೌಂಡ್ಸ್ ಅನ್ನುವ ವಸ್ತುಗಳು ಜಾಸ್ತಿ ಆಗುತ್ತಾ ಹೋಗುತ್ತವೆ. ಅವು ಶೇ. 25 ದಾಟಿದ ಮೇಲೆ ಆ ಎಣ್ಣೆಯಲ್ಲಿ ಕರಿಯುವಂತಿಲ್ಲ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮವೇ ಇದೆ. ಅಳೆಯುವ ಮೀಟರ್ ನಮ್ಮ ಹತ್ತಿರ ಇರುವುದಿಲ್ಲ ಅಲ್ವಾ, ಬಣ್ಣ ವಾಸನೆ ನೋಡಿಯೇ ತೀರ್ಮಾನ ಮಾಡಬೇಕು.

ಆಮೇಲೆ ಗೋಬಿಯ ಬಣ್ಣ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು. ಅಚ್ಚ ಖಾರದಪುಡಿ, ಸೋಯಾ ಸಾಸ್ ಹಾಕಿದ ಗೋಬಿ ಸ್ವಲ್ಪ ಕಂದಾಗಿ ಇರುತ್ತದೆ. ತಿಂದ ಮೇಲೆ ಬೆರಳಿಗೆ ಕೆಂಪು ಅಂಟಿ, ತೊಳೆದರೂ ಹೋಗದಿದ್ದರೆ ಆ ಗಾಡಿಗೆ ಮತ್ತೆ ಹೋಗಬೇಡಿ. ಮಕ್ಕಳನ್ನು ಕರೆದುಕೊಂಡು ಹೋದಾಗ ಇದನ್ನು ಖಂಡಿತ ಗಮನಿಸಿ, ಅವರಿಗೆ ಆ ಕೆಂಪು ಬಣ್ಣವೇ ಇಷ್ಟ ಆಗುವುದು.

"ಅಣ್ಣ, ಸಾಸ್ ಕಮ್ಮಿ, ಈರುಳ್ಳಿ ಜಾಸ್ತಿ" ಅಂತ ಮೊದಲೇ ಹೇಳಿ. ಸೋಯಾ ಸಾಸ್‌ನಲ್ಲಿ ಉಪ್ಪು ಬಹಳ, ಅದರ ಮೇಲೆ ಬೇರೆ ಉಪ್ಪೂ ಬೀಳುತ್ತದೆ. ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ.

ನಮ್ಮಲ್ಲಿ ಕಾಫಿಗೆ ಬೈ ಟೂ ಹೇಳುವ ಒಳ್ಳೆ ಅಭ್ಯಾಸ ಇದೆ. ಅದನ್ನೇ ಗೋಬಿಗೂ, ಫ್ರೈಡ್ ರೈಸ್‌ಗೂ ಹೇಳಿ. ಗೆಳೆಯರ ಜೊತೆ ಹೋದರೆ ಒಂದು ಪ್ಲೇಟ್ ಗೋಬಿ ಬೈ ಟೂ, ಜೊತೆಗೆ ಒಂದೊಂದು ಚುರುಮುರಿ. ಚುರುಮುರಿಯಲ್ಲಿ ಕರಿದದ್ದು ಕಡಿಮೆ, ಕ್ಯಾರೆಟ್ ತುರಿ, ಟೊಮೆಟೊ, ಈರುಳ್ಳಿ ಹಸಿಯಾಗೇ ಸಿಗುತ್ತದೆ, ನಾಲಿಗೆಗೂ ಮೋಸ ಇಲ್ಲ.

ದರ್ಶಿನಿಯಲ್ಲಿ ಇನ್ನೂ ಸುಲಭ. ಇಡ್ಲಿ ಎರಡು, ವಡೆ ಬೇಕೇ ಬೇಕು ಅಂದರೆ ಒಂದೇ. ಬೆಣ್ಣೆ ಮಸಾಲೆ ಬದಲು ಖಾಲಿ ದೋಸೆ ತಗೊಂಡು ಸಾಗು ಜಾಸ್ತಿ ಹಾಕಿಸಿಕೊಳ್ಳಿ.

ಬರ್ಗರ್ ಅಂಗಡಿಗೆ ಹೋದರೆ ಕೌಂಟರಿನವರು "ಕಾಂಬೋ ಮಾಡಲಾ?" ಅಂತ ಕೇಳೇ ಕೇಳುತ್ತಾರೆ. ಬೇಡ ಅನ್ನಿ. ಬರ್ಗರ್‌ಗಿಂತ ಅದರ ಜೊತೆ ಬರುವ ಫ್ರೈಸ್, ಕೋಲಾದ ಬಗ್ಗೆ ನನಗೆ ಚಿಂತೆ ಜಾಸ್ತಿ. ಮಾಮೂಲಿ ಕೋಲಾದಲ್ಲಿ 100 ಎಂ.ಎಲ್.ಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ, 250 ಎಂ.ಎಲ್. ಬಾಟಲಿ ಕುಡಿದರೆ ಹೆಚ್ಚುಕಡಿಮೆ ಆರು ಚಮಚ. ಅದೇ ದುಡ್ಡಿಗೆ ಮಜ್ಜಿಗೆ ಸಿಗುತ್ತದೆ. ದೊಡ್ಡ ಚೈನ್‌ಗಳ ಮೆನುವಿನಲ್ಲಿ ಕ್ಯಾಲರಿ ಬರೆದಿರುತ್ತಾರೆ, ಅದನ್ನೂ ಓದಿ.

ಇನ್ನೊಂದು ವಿಷಯ, ತೀರಾ ಹಸಿದುಕೊಂಡು ಹೋಗಬೇಡಿ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಹುರಿದ ಕಡಲೆಕಾಯಿ ಬೀಜದ ಡಬ್ಬಿ ಇರುತ್ತದೆ. ಐದು ಗಂಟೆಗೆ ಒಂದು ಹಿಡಿ ತಿಂದಿದ್ದರೆ, ಏಳಕ್ಕೆ ಗಾಡಿ ಮುಂದೆ ನಿಂತಾಗ "ಹಾಫ್ ಪ್ಲೇಟ್ ಕೊಡಿ" ಅನ್ನುವುದು ಕಷ್ಟ ಆಗುವುದಿಲ್ಲ.