ಜರ್ಮನಿಗೆ ಹೊರಟ ವಾಟರ್ ಬಾತ್, ಪೇಂಟ್ ಕೆರೆದ ಮೇಲೆ ಪಾಸಾಯ್ತು

ನಮ್ದು ಪೀಣ್ಯದಲ್ಲಿ ಸಣ್ಣ ಯೂನಿಟ್, ಲ್ಯಾಬ್‌ಗಳಲ್ಲಿ ಬಳಸೋ ವಾಟರ್ ಬಾತ್ ಮಾಡ್ತೀವಿ, ನೀರನ್ನ 37 ಡಿಗ್ರಿಗೋ 60 ಡಿಗ್ರಿಗೋ ಕಾಯಿಸಿ ಅಲ್ಲೇ ನಿಲ್ಲಿಸೋ ಸ್ಟೀಲ್ ತೊಟ್ಟಿ ಅಷ್ಟೇ. ವರ್ಷಗಟ್ಟಲೆ ಇಲ್ಲಿನ ಕಾಲೇಜುಗಳಿಗೆ ಕೊಟ್ಟಿದ್ವಿ, ಯಾರೂ ಏನೂ ಕೇಳಿರ್ಲಿಲ್ಲ. ಜರ್ಮನಿಯ ಡೀಲರ್ ಒಬ್ರು ರೇಟ್ ಕೇಳೋಕ್ಕಿಂತ ಮುಂಚೆ ಟೆಸ್ಟ್ ರಿಪೋರ್ಟ್ ಕೇಳಿದ್ರು, ಅಲ್ಲಿಂದ ಶುರು.

ಯುರೋಪಲ್ಲಿ ಮಾರೋಕೆ ಬೇಕಾದ ಸಿಇ ಗುರುತು ಅಂದ್ರೆ ಯಾವುದೋ ಆಫೀಸಿನವರು ಸೀಲ್ ಒತ್ತಿ ಕೊಡ್ತಾರೆ ಅಂದ್ಕೊಂಡಿದ್ದೆ. ನಮ್ಮಂಥ ಐಟಂಗೆ ತಯಾರಿಸಿದವ್ರೇ ಸಹಿ ಹಾಕಿ ಘೋಷಣೆ ಮಾಡೋದು, ಅದಕ್ಕೆ ಆಧಾರವಾದ ಫೈಲನ್ನ 10 ವರ್ಷ ಇಟ್ಕೊಂಡಿರ್ಬೇಕು, ಅಲ್ಲಿನ ಅಧಿಕಾರಿ ಕೇಳಿದ್ರೆ ತೋರಿಸ್ಬೇಕು. ನಮಗೆ ಮುಖ್ಯವಾಗಿ ಎರಡು ಕಾನೂನು: ಶಾಕ್, ಬೆಂಕಿ ವಿಷಯಕ್ಕೆ ಲೋ ವೋಲ್ಟೇಜ್ ಡೈರೆಕ್ಟಿವ್, ರೇಡಿಯೋ ಗಲಾಟೆ, ಅಂದ್ರೆ ಒಂದು ಉಪಕರಣದ ಅಲೆಗಳು ಇನ್ನೊಂದಕ್ಕೆ ತೊಂದರೆ ಕೊಡೋ ವಿಷಯಕ್ಕೆ ಇಎಂಸಿ ಡೈರೆಕ್ಟಿವ್. ಲ್ಯಾಬ್ ಉಪಕರಣ ಆದ್ರಿಂದ ಸೇಫ್ಟಿಗೆ ಐಇಸಿ 61010-1 ಅನ್ನೋ ಸ್ಟಾಂಡರ್ಡ್, ಇಎಂಸಿಗೆ 61326-1.

ಸೇಫ್ಟಿಯಲ್ಲಿ ಮೊದಲು ಬುದ್ಧಿ ಕಲಿಸಿದ್ದು ಪ್ಲಗ್. ನಮ್ಮ ಮೂರು ಪಿನ್ ಪ್ಲಗ್ ಒಂದೇ ರೀತಿ ಒಳಗೆ ಹೋಗುತ್ತೆ, ಹಾಗಾಗಿ ಫೇಸ್ ಎಲ್ಲಿ ನ್ಯೂಟ್ರಲ್ ಎಲ್ಲಿ ಅಂತ ಗೊತ್ತಿರುತ್ತೆ. ಜರ್ಮನಿಯ ಶುಕೋ ಪ್ಲಗ್ ತಿರುಗಿಸಿ ಚುಚ್ಚಿದ್ರೂ ಹೋಗುತ್ತೆ! ನಾವು ಫೇಸ್‌ಗೆ ಮಾತ್ರ ಸ್ವಿಚ್ ಹಾಕಿದ್ವಿ, ಪ್ಲಗ್ ಉಲ್ಟಾ ಆದ್ರೆ ಸ್ವಿಚ್ ಆಫ್ ಮಾಡಿದ್ರೂ ಹೀಟರ್ ತನಕ ಕರೆಂಟ್ ನಿಂತಿರುತ್ತೆ, ಅದೂ ನೀರಿನ ಪಕ್ಕದಲ್ಲಿ. ಡಬಲ್ ಪೋಲ್ ಸ್ವಿಚ್ ಹಾಕಿ, ಎರಡೂ ಲೈನಿಗೆ ಫ್ಯೂಸ್ ಕೊಟ್ವಿ. ಅರ್ಥ್ ವೈರ್ ಬೇರೆ ಯಾವುದೋ ಸ್ಕ್ರೂ ಜೊತೆ ಹಂಚಿಕೊಂಡಿತ್ತು, ಅದಕ್ಕೂ ಪ್ರತ್ಯೇಕ ಸ್ಟಡ್.

ಇನ್ನು ಇಎಂಸಿ. ಇದನ್ನ ಅಳೆಯೋ ಟೆಸ್ಟ್ ಕೋಣೆ, ಅಂದ್ರೆ ಚೇಂಬರ್, ಅದರ ಬಾಡಿಗೆ ಗಂಟೆ ಲೆಕ್ಕ, ಆಟೋ ಮೀಟರ್ ಓಡಿದ ಹಾಗೆ ಹೊಟ್ಟೆ ಉರಿಯುತ್ತೆ. ರೇಡಿಯೇಟೆಡ್ ಎಮಿಷನ್‌ನಲ್ಲಿ, ಅಂದ್ರೆ ಗಾಳಿಯಲ್ಲಿ ಹರಡೋ ಗಲಾಟೆಯ ಗ್ರಾಫ್‌ನಲ್ಲಿ, 75 ಮೆಗಾಹರ್ಟ್ಸ್ ಹತ್ರ ಒಂದು ಕೊಂಬು ಎದ್ದು ನಿಂತಿತ್ತು, ಮನೆಗಳಲ್ಲೂ ಬಳಸೋ ಉಪಕರಣಗಳಿಗಿರೋ ಕ್ಲಾಸ್ ಬಿ ಲಿಮಿಟ್ 3 ಮೀಟರ್ ದೂರದಲ್ಲಿ 40 ಡಿಬಿ ಮೈಕ್ರೋವೋಲ್ಟ್ ಪರ್ ಮೀಟರ್, ನಮ್ದು 47. ನಾನು ಬೋರ್ಡ್ ಮೇಲೆ ಸಿಕ್ಕ ಸಿಕ್ಕಲ್ಲೆಲ್ಲ ಕೆಪಾಸಿಟರ್ ಬೆಸುಗೆ ಹಾಕ್ತಾ ಕೂತೆ, ಒಂದು ಡಿಬಿನೂ ಇಳೀಲಿಲ್ಲ. ಕೊನೆಗೆ ಅಲ್ಲಿನ ಹುಡುಗ ಒಬ್ಬ, "ಸಾರ್, ಸೆನ್ಸರ್ ಕೇಬಲ್ ಬಿಚ್ಚಿ ನೋಡೋಣ್ವಾ" ಅಂದ. ಬಿಚ್ಚಿದ್ವಿ, ಕೊಂಬು ಮಾಯ.

ಲೆಕ್ಕ ಹಾಕಿದ್ರೆ ನಾಚಿಕೆ ಆಗುವಷ್ಟು ಸಿಂಪಲ್. ನಮ್ಮ ಬೋರ್ಡಿನಲ್ಲಿ ಈಥರ್ನೆಟ್‌ಗೆ, ಅಂದ್ರೆ ನೆಟ್‌ವರ್ಕ್ ಜೋಡಣೆಗೆ, 25 ಮೆಗಾಹರ್ಟ್ಸ್‌ನಲ್ಲಿ ಮಿಡಿಯೋ ಕ್ರಿಸ್ಟಲ್ ಇದೆ, ಅದರ ಮೂರರಷ್ಟು 75, ಆ ಫ್ರೀಕ್ವೆನ್ಸಿಯ ಕಾಲು ತರಂಗ ಅಂದ್ರೆ ಸರಿಯಾಗಿ 1 ಮೀಟರ್, ನಮ್ಮ ಸೆನ್ಸರ್ ಕೇಬಲ್ ಉದ್ದನೂ 1 ಮೀಟರ್. ನಾವೇ ಆಂಟೆನಾ ಕಟ್ಟಿ ಕೊಟ್ಟಿದ್ವಿ. ಅಷ್ಟು ಉದ್ದದ ಕೇಬಲ್‌ನಲ್ಲಿ 5 ಮೈಕ್ರೋಆಂಪ್ ಕಾಮನ್ ಮೋಡ್ ಕರೆಂಟ್, ಅಂದ್ರೆ ಎಲ್ಲ ವೈರಲ್ಲೂ ಒಂದೇ ದಿಕ್ಕಿಗೆ ಹೋಗೋ ಕರೆಂಟ್, ಹರಿದ್ರೂ ಫೇಲ್ ಆಗೋಕೆ ಸಾಕು. ಕೇಬಲ್‌ಗೆ ಶೀಲ್ಡ್, ಅಂದ್ರೆ ವೈರ್ ಸುತ್ತ ಲೋಹದ ಹೊದಿಕೆ, ಇತ್ತಲ್ಲ ಅಂತೀರಾ, ಇತ್ತು, ಆದ್ರೆ ಅದನ್ನ ಜಡೆ ಹಾಗೆ ಹೆಣೆದು 4 ಸೆಂಟಿಮೀಟರ್ ಬಾಲ ಮಾಡಿ ಬೋರ್ಡಿನ ಗ್ರೌಂಡ್‌ಗೆ ಬೆಸುಗೆ ಹಾಕಿದ್ವಿ, ಬೋರ್ಡಿನ ಗಲೀಜೆಲ್ಲ ಅದೇ ಬಾಲದಿಂದ ಹೊರಗೆ ಹೋಗ್ತಿತ್ತು. ಕೇಬಲ್ ಒಳಗೆ ಬರೋ ಜಾಗದಲ್ಲೇ ಶೀಲ್ಡ್‌ನ ಸುತ್ತಲೂ ಹಿಡಿಯೋ ಹಾಗೆ ಕ್ಲಾಂಪ್ ಹಾಕಿ ಉಪಕರಣದ ಮೆಟಲ್ ಬಾಡಿ ಮೇಲೆ ಬಿಗಿದ್ವಿ. ಆದ್ರೂ ಇಳೀಲಿಲ್ಲ! ಮಲ್ಟಿಮೀಟರ್ ಇಟ್ರೆ ಕ್ಲಾಂಪಿಗೂ ಬಾಡಿಗೂ ಸಂಬಂಧನೇ ಇಲ್ಲ, ಮಧ್ಯೆ ಪೌಡರ್ ಕೋಟಿಂಗ್. ಹ್ಯಾಕ್ಸಾ ಬ್ಲೇಡ್ ತುಂಡಲ್ಲಿ ಪೇಂಟ್ ಕೆರೆದು, ಎಮರಿ ಪೇಪರ್‌ನಲ್ಲಿ ಉಜ್ಜಿ, ಮತ್ತೆ ಬಿಗಿದ್ರೆ 36.

ಕಂಡಕ್ಟೆಡ್ ಎಮಿಷನ್, ಅಂದ್ರೆ ಮೇನ್ಸ್ ವೈರಿನ ಮೂಲಕ ಹೊರಗೆ ಹೋಗೋ ಗಲಾಟೆ ಕೂಡ ಕಡಿಮೆ ಫ್ರೀಕ್ವೆನ್ಸಿ ಕಡೆ ಸ್ವಲ್ಪ ಫೇಲ್ ಇತ್ತು. ಅವಸರದಲ್ಲಿ ನಮ್ಮ ಟೆಕ್ನಿಷಿಯನ್ ಕೈಗೆ ಸಿಕ್ಕ 47 ನ್ಯಾನೋಫ್ಯಾರಡ್ ಕೆಪಾಸಿಟರನ್ನ ಲೈನ್‌ನಿಂದ ಅರ್ಥ್‌ಗೆ ಹಾಕಿದ, ತಕ್ಷಣ ಪಾಸ್, ಎಲ್ರೂ ಕೈ ಕುಲುಕಿದ್ವಿ. ರಾತ್ರಿ ಮನೆಗೆ ಬಂದ್ಮೇಲೆ ನಂಗೆ ಸಮಾಧಾನ ಆಗ್ಲಿಲ್ಲ, ಪೆನ್ನು ಹಿಡಿದೆ. 230 ವೋಲ್ಟ್, 50 ಹರ್ಟ್ಸ್‌ಗೆ ಅದರಲ್ಲಿ 3.4 ಮಿಲಿಆಂಪ್ ಸೋರುತ್ತೆ, ವೋಲ್ಟೇಜ್ ಶೇಕಡಾ 10 ಏರಿದ್ರೆ 3.7. ಅರ್ಥ್ ವೈರ್ ಕಿತ್ತುಹೋದಾಗ ಬಾಡಿ ಮುಟ್ಟಿದವ್ರ ಮೈಯಲ್ಲಿ ಹರಿಯೋದು ಅದೇ ಕರೆಂಟ್, 61010ರ ಮಿತಿ 3.5. ಅದ್ರ ಮೇಲೆ ಹೀಟರ್‌ನ ಸೋರಿಕೆ ಬೇರೆ. ಇನ್ನೊಂದು ವಿಷಯ, ಅವನು ಹಾಕಿದ್ದು ಫೇಸ್‌ಗೂ ನ್ಯೂಟ್ರಲ್‌ಗೂ ಮಧ್ಯೆ ಹಾಕೋ ಎಕ್ಸ್ ಕ್ಲಾಸ್ ಕೆಪಾಸಿಟರ್, ಅದು ಶಾರ್ಟ್ ಆದ್ರೆ ಫೇಸ್ ಸೀದಾ ಮೆಟಲ್ ಬಾಡಿಗೇ ಬರುತ್ತೆ. ಅರ್ಥ್‌ಗೆ ಹಾಕೋ ಜಾಗದಲ್ಲಿ ಸುಲಭವಾಗಿ ಶಾರ್ಟ್ ಆಗದ ಹಾಗೆ ಮಾಡಿದ ವೈ ಕ್ಲಾಸ್ ಮಾತ್ರ ಇರ್ಬೇಕು. ಮಾರನೇ ದಿನ ಅದನ್ನ ಕಿತ್ತು 4.7 ನ್ಯಾನೋಫ್ಯಾರಡ್ ವೈ2 ಹಾಕಿ, ಆ ಗಲಾಟೆ ತಡೆಯೋ ಕಾಮನ್ ಮೋಡ್ ಚೋಕ್ ಅನ್ನೋ ಕಾಯಿಲ್ ದೊಡ್ಡದು ಮಾಡಿ, ಎಮಿಷನ್ನೂ ಲೀಕೇಜೂ ಎರಡೂ ಮತ್ತೆ ಅಳೆಸಿದ್ವಿ. ಇನ್ನೊಂದು ದಿನದ ಬಾಡಿಗೆ ಹೋಯ್ತು, ಹೋಗ್ಲಿ.

ಉಳಿದ ಕಾಗದ ಪತ್ರ, ಜರ್ಮನ್ ಭಾಷೆಯ ಮ್ಯಾನುಯಲ್, 5 ಮಿಲಿಮೀಟರ್‌ಗಿಂತ ಚಿಕ್ಕದಾಗದ ಸಿಇ ಗುರುತು, ಇವೆಲ್ಲ ತಾಳ್ಮೆಯ ಕೆಲಸ, ತಲೆನೋವು ಅಂತೇನಿಲ್ಲ.

ನಿಜವಾದ ತಲೆನೋವು ಮೊದಲ ಲಾಟ್ ಬಂದಾಗ. 20 ಬಾಡಿಗಳೂ ಒಳಗೂ ಹೊರಗೂ ಫಳಫಳ ಪೇಂಟ್ ಆಗಿ ಬಂದಿವೆ, ಕ್ಲಾಂಪ್ ಕೂರೋ ಜಾಗನೂ ಸೇರಿ. ಪೌಡರ್ ಕೋಟಿಂಗ್‌ನವ್ರನ್ನ ಬೈಯೋಕೆ ಹೊರಟೆ, ಆಮೇಲೆ ನಮ್ಮ ಡ್ರಾಯಿಂಗ್ ತೆಗೆದು ನೋಡಿದ್ರೆ ಮಾಸ್ಕಿಂಗ್, ಅಂದ್ರೆ ಪೇಂಟ್ ತಾಗದ ಹಾಗೆ ಈ ಜಾಗ ಮುಚ್ಚಿ ಅಂತ ಎಲ್ಲೂ ಬರೆದೇ ಇಲ್ಲ. ಅವತ್ತು ನಾನೂ ಇಬ್ರು ಹುಡುಗ್ರೂ ಕೂತು 20ನ್ನೂ ಕೆರೆದ್ವಿ. ಈಗ ಡ್ರಾಯಿಂಗ್‌ನಲ್ಲಿ ಆ ಜಾಗಕ್ಕೆ ಕೆಂಪು ಗುರುತಿದೆ, ಮತ್ತೆ ಪ್ಯಾಕಿಂಗ್‌ಗೆ ಮುಂಚೆ ಪ್ರತಿ ಪೀಸ್‌ನಲ್ಲೂ ಕ್ಲಾಂಪಿಗೂ ಬಾಡಿಗೂ ಮೀಟರ್ ಇಟ್ಟು ರೀಡಿಂಗ್ ಬರೀತೀವಿ.