ಹಳೆ ಮನೆಯಡಿಯಲ್ಲಿ ಡಿಟೆಕ್ಟರ್: ಮುರಮಣ್ಣಿನಲ್ಲಿ ನಾನು ಹುಡುಕುವ ಕ್ರಮ

ಕಾಸರಗೋಡಿನ ಕಡೆಯ ಹಾಳುಬಿದ್ದ ಮನೆಯಡಿಯಲ್ಲಿ, ಅಂದರೆ ಮನೆಯಿದ್ದ ನೆಲದಲ್ಲಿ, ಲೋಹ ಹುಡುಕುವ ಡಿಟೆಕ್ಟರ್ ಯಂತ್ರ ಆನ್ ಮಾಡುವ ಮೊದಲು ನಾನು ನೋಡುವುದು ಅಂಗಳ ಯಾವ ಕಡೆಗೆ ತಗ್ಗು ಎಂಬುದನ್ನು. ಮಳೆಗಾಲ ಮುಗಿದೊಡನೆ ಅಂಗಳದ ಹುಲ್ಲು, ಪಾಚಿ ಕೆತ್ತಿ, ಮಣ್ಣು ಹಾಕಿ, ಬಡಿದು ಗಟ್ಟಿಮಾಡಿ, ಸೆಗಣಿ ಸಾರಿಸುವುದು ಇಲ್ಲಿನ ರೂಢಿ. ಅಡಿಕೆ ಒಣಗುವುದು ಅಲ್ಲೇ ತಾನೆ. ಹಾಗೆ ವರ್ಷವರ್ಷವೂ ಕೆತ್ತಿದ ಮಣ್ಣು ತಗ್ಗಿನ ಅಂಚಿಗೆ ಬೀಳುತ್ತದೆ. ಅದರೊಳಗಿದ್ದ ಕಾಸು, ಅಂಗಿಯ ಗುಂಡಿ, ಉಡಿದಾರದ ಕೊಂಡಿಯೂ ಅದರ ಜೊತೆ ಹೋಗುತ್ತವೆ. ಅಂಗಳದ ನಡುವಿಗಿಂತ ಕೆಳ ಅಂಚಿನ ಎರಡು ಮೀಟರ್ ಅಗಲದ ಪಟ್ಟಿಯಲ್ಲೇ ಹೆಚ್ಚು ಸಿಗುವುದು ಇದರಿಂದ.

ಆಮೇಲಿನ ಜಾಗಗಳು: ಬಟ್ಟೆ ಒಗೆಯುವ ಕಲ್ಲಿನ ಸುತ್ತ, ಬಾವಿಕಟ್ಟೆಯಿಂದ ಅಡುಗೆಮನೆಗೆ ಹೋಗುವ ದಾರಿ, ಬಚ್ಚಲಿನ ಹಿಂದಿನ ಬೂದಿಗುಂಡಿ, ಜಗಲಿಯ ಮೆಟ್ಟಿಲ ಬುಡ, ಬೇಲಿ ದಾಟುವ ತಡಮೆ. ತಡಮೆಯಲ್ಲಿ ಕಾಲೆತ್ತಿ ದಾಟುವಾಗ ಸೊಂಟದಲ್ಲಿ ಸಿಕ್ಕಿಸಿದ್ದು ಜಾರುತ್ತದೆ. ಹಟ್ಟಿಯಿದ್ದ ಜಾಗದಲ್ಲಿ ಗಂಟೆ, ಎತ್ತಿನ ಲಾಳ ಸಿಕ್ಕಬಹುದು, ಆದರೆ ತಾಮ್ರದ ನಾಣ್ಯ ಅಲ್ಲಿ ಉಳಿಯುವುದು ಕಷ್ಟ. ಗಂಜಳದ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ಜೆಸಿಬಿ ಹಾಕಿ ಸಮತಟ್ಟು ಮಾಡಿದ ಜಾಗ, ರಬ್ಬರಿಗಾಗಿ ತಟ್ಟು ಕಡಿದ ಗುಡ್ಡ ನನಗೆ ಬೇಡ. ಯಾವ ವಸ್ತು ಎಲ್ಲಿಯದು ಎಂಬುದೇ ಅಲ್ಲಿ ಕಲಸಿಹೋಗಿರುತ್ತದೆ.

ಮನೆ ಯಾವ ಕಾಲದ್ದೆಂದು ಹಂಚಿನ ಚೂರು ಸ್ವಲ್ಪ ಹೇಳುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮುರಕಲ್ಲಿನ (ಜಂಬಿಟ್ಟಿಗೆಯ) ಪಂಚಾಂಗ, ಅಂದರೆ ಅಡಿಪಾಯ, ಇದ್ದು, ಹಂಚಿನ ಚೂರು ಒಂದೂ ಕಾಣದಿದ್ದರೆ ಅದು ಮುಳಿಹುಲ್ಲಿನ ಮಾಡಿನ ಮನೆ ಇರಬಹುದು. ಮನೆತನದ ಹಿರಿಯರು, ಅದರಲ್ಲೂ ಅಜ್ಜಿಯಂದಿರು ಇದ್ದರೆ ಬಚ್ಚಲು ಎಲ್ಲಿತ್ತು, ಹಟ್ಟಿ ಎಲ್ಲಿತ್ತು ಎಂದು ಅವರನ್ನೇ ಕೇಳುವುದು ಒಳ್ಳೆಯದು.

ಇಲ್ಲಿನ ನಿಜವಾದ ತೊಡಕು ಮಣ್ಣು. ಮುರಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ತುಂಬಿರುವುದರಿಂದ ಸಾಮಾನ್ಯ ವಿ.ಎಲ್.ಎಫ್. (ಬಹಳ ಕಡಿಮೆ ಆವರ್ತನದ) ಯಂತ್ರ ನೆಲಕ್ಕೇ ಕೂಗುತ್ತದೆ. ಕಾಯಿಲ್ ಎಂದರೆ ನೆಲದ ಮೇಲೆ ಆಡಿಸುವ ತಟ್ಟೆ. ಎರಡು D ಆಕಾರದ ಸುರುಳಿಯ ಡಿ.ಡಿ. ಕಾಯಿಲ್ ಇಂಥ ನೆಲಕ್ಕೆ ಬಳೆಯೊಳಗೆ ಬಳೆಯಂತಿರುವ ಕಾನ್‌ಸೆಂಟ್ರಿಕ್‌ಗಿಂತ ಮೇಲು. ಮೊಳೆ ತುಂಬಿದ ಮನೆಯಡಿಗೆ ಆರಿಂಚಿನ ಸಣ್ಣದೇ ಸಾಕು. ಲೋಹವಿಲ್ಲದ ಜಾಗ ನೋಡಿ, ಕಾಯಿಲನ್ನು ನೆಲದಿಂದ 3 ಸೆಂ.ಮೀ.ನಿಂದ 25 ಸೆಂ.ಮೀ.ವರೆಗೆ ಮೇಲೆ ಕೆಳಗೆ ಆಡಿಸುತ್ತಾ ಗ್ರೌಂಡ್ ಬ್ಯಾಲೆನ್ಸ್ ಮಾಡುತ್ತೇನೆ, ಅಂದರೆ ನೆಲದ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಯಂತ್ರವನ್ನು ಹೊಂದಿಸುತ್ತೇನೆ. ತೋಟದ ಕಪ್ಪುಮಣ್ಣಿನಿಂದ ಮುರನೆಲಕ್ಕೆ ಹತ್ತಿದಾಗ ಇದನ್ನು ಮತ್ತೆ ಮಾಡಲೇಬೇಕು. ತಾನೇ ಹೊಂದಿಸಿಕೊಳ್ಳುವ ಟ್ರ್ಯಾಕಿಂಗ್ ಇದ್ದರೆ ಗುರಿಯ ಮೇಲೆ ಮತ್ತೆ ಮತ್ತೆ ಆಡಿಸುವಾಗ ಅದನ್ನು ಆಫ್ ಮಾಡಿಕೊಳ್ಳಿ, ಇಲ್ಲವಾದರೆ ಯಂತ್ರ ಆ ವಸ್ತುವನ್ನೇ ನೆಲವೆಂದು ತಿಳಿದು ಸುಮ್ಮನಾಗುತ್ತದೆ. ಸೆನ್ಸಿಟಿವಿಟಿ ಪೂರ್ತಿ ಏರಿಸಿದರೆ ಆಳ ಹೆಚ್ಚುವುದಿಲ್ಲ, ಗಲಾಟೆ ಹೆಚ್ಚುತ್ತದೆ. ಶಾಂತವಾಗುವವರೆಗೆ ಇಳಿಸುವುದೇ ಸರಿ.

ಆ ಹೊಂದಿಕೆ ಸರಿಯಾಯಿತೇ ಎಂದು ತಿಳಿಯಲು 5 ರೂಪಾಯಿಯ ಹಿತ್ತಾಳೆ ಬಣ್ಣದ ನಾಣ್ಯವನ್ನು ಅದೇ ನೆಲದಲ್ಲಿ 10 ಸೆಂ.ಮೀ. ಆಳಕ್ಕೆ ಹೂತು ಕೇಳುತ್ತೇನೆ. ಈಗಿನ 1, 2 ರೂಪಾಯಿಯವು ಆಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲ್, ಪರೀಕ್ಷೆಗೆ ಆಗುವುದಿಲ್ಲ.

ಕಾಯಿಲ್ ನೆಲಕ್ಕೆ ಸಮಾನಾಂತರವಾಗಿ, ಹಿಂದಿನ ಸುತ್ತಿನ ಅರ್ಧವನ್ನು ಮತ್ತೆ ಮುಚ್ಚುವಂತೆ, ನಿಧಾನ ಆಡಬೇಕು. ಸದ್ದು ಬಂದಲ್ಲಿ ತೊಂಬತ್ತು ಡಿಗ್ರಿ ತಿರುಗಿ ಇನ್ನೊಮ್ಮೆ ಕೇಳಿ. ಎರಡೂ ದಿಕ್ಕಿನಿಂದ ಒಂದೇ ಬಗೆಯಾಗಿ ಬಂದರೆ ಅಗೆಯಬಹುದು. ಒಂದು ಕಡೆ ಮಾತ್ರ ಚೆನ್ನಾಗಿ ಕೇಳಿ ಇನ್ನೊಂದು ಕಡೆ ಒಡೆದರೆ ಬಹುಪಾಲು ಅದು ಮೊಳೆ. ದೊಡ್ಡ ಕಬ್ಬಿಣ, ಮುಖ್ಯವಾಗಿ ತುಂಡಾದ ಕೊಟ್ಟು (ಗುದ್ದಲಿ) ಮತ್ತು ಬಾಗಿಲ ಪಟ್ಟಿ, ಯಂತ್ರದ ಪರದೆಯಲ್ಲಿ ಬೆಳ್ಳಿಯಷ್ಟು ಎತ್ತರದ ಅಂಕಿ ತೋರಿಸಿ ಮೋಸ ಮಾಡುತ್ತದೆ. ಕಾಯಿಲನ್ನು ಒಂದಡಿ ಎತ್ತಿದರೂ ಸದ್ದು ಉಳಿದರೆ ಅದೇ ಇರಬೇಕು. ಗುಂಡುಗುಂಡಾದ ಕಪ್ಪು ಮುರಗಲ್ಲೂ ಸದ್ದು ಮಾಡುತ್ತದೆ, ಕಿಸೆಯಲ್ಲೊಂದು ಆಯಸ್ಕಾಂತ ಇದ್ದರೆ ಬೇಗ ತೀರ್ಮಾನವಾಗುತ್ತದೆ. ಬೇಡದ ಲೋಹದ ಸದ್ದನ್ನು ಅಡಗಿಸುವ ಡಿಸ್ಕ್ರಿಮಿನೇಷನ್‌ನಲ್ಲಿ ಮೊಳೆಗಳನ್ನು ಪೂರ್ತಿ ಮುಚ್ಚಿಹಾಕುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಮಾಡು ಎಲ್ಲಿತ್ತು, ಬಾಗಿಲು ಎಲ್ಲಿತ್ತು ಎಂಬುದು ಮೊಳೆಗಳು ಗುಂಪಾಗಿರುವ ರೀತಿಯಿಂದಲೇ ಗೊತ್ತಾಗುವುದು.

ಅಗೆತಕ್ಕೆ ಅಕ್ಟೋಬರ್, ನವೆಂಬರ್ ಒಳ್ಳೆಯ ತಿಂಗಳು. ಮಾರ್ಚಿನ ಮೇಲೆ ಮುರನೆಲ ಕಲ್ಲಾಗುತ್ತದೆ, ಪಿಕ್ಕಾಸಿನ ಏಟು ಬಿದ್ದರೆ ನಾಣ್ಯಕ್ಕೇ ಗಾಯ. ಮೂರು ಕಡೆ ಕತ್ತರಿಸಿ, ಒಂದು ಕಡೆ ಹುಲ್ಲಿನ ಬೇರು ಬಿಟ್ಟು ಮಗುಚಿ, ಮಣ್ಣನ್ನು ಗೋಣಿಯ ಮೇಲೆ ಹಾಕಿ, ಪಿನ್‌ಪಾಯಿಂಟರ್‌ನಿಂದ (ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್) ಹುಡುಕಿ, ಹಾಗೆಯೇ ಮುಚ್ಚಬೇಕು. ಅಡಿಕೆ ಮರದ ಬೇರು ಬುಡದ ಹತ್ತಿರವೇ ಒತ್ತಾಗಿರುವುದರಿಂದ ಎರಡಡಿಯೊಳಗೆ ಅಗೆಯುವುದಿಲ್ಲ. ಪಂಪಿನ ಕರೆಂಟ್ ಕೇಬಲ್ ಎಲ್ಲಿ ಹೂತಿದೆ ಎಂದು ತೋಟದವರನ್ನು ಕೇಳದೆ ಗುದ್ದಲಿ ಎತ್ತಬೇಡಿ. ತಾಮ್ರದ ಕೇಬಲ್ ಬಹಳ ಚಂದದ ಸದ್ದು ಕೊಡುತ್ತದೆ! ನಾಗಬನ, ದೈವದ ಕಟ್ಟೆ, ದಫನಭೂಮಿಗಳ ಹತ್ತಿರ ಯಂತ್ರ ಒಯ್ಯುವುದೇ ಇಲ್ಲ. ಬೇಕಲ ಕೋಟೆಯಂಥ ಸಂರಕ್ಷಿತ ಸ್ಮಾರಕದಲ್ಲೂ, ಅದರ ಸುತ್ತಿನ 100 ಮೀಟರ್ ನಿಷೇಧಿತ ವಲಯದಲ್ಲೂ ಹಾಗೆಯೇ.

ಸಿಗುವುದರಲ್ಲಿ ಹೆಚ್ಚಿನದು ಅಲ್ಯೂಮಿನಿಯಂ ಪೈಸೆ, ಕೊಡೆಯ ಕಡ್ಡಿ, ಪೆಟ್ರೋಮ್ಯಾಕ್ಸಿನ ಹಿತ್ತಾಳೆ ಭಾಗ, ಬಂದೂಕಿನ ತೋಟೆಯ ತಳ. ಹಳೆಯದರಲ್ಲಿ 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ (ಕಾಲು ಆಣೆ): 25 ಮಿ.ಮೀ. ಅಗಲ, ಸುಮಾರು 6.5 ಗ್ರಾಂ ತೂಕ. ಟಿಪ್ಪುವಿನ ಆನೆ ಕಾಸು ಇದ್ದರೂ ಬಹಳ ಸವೆದಿರುತ್ತದೆ. ತಾಮ್ರವನ್ನು ಹುಣಸೆಹುಳಿ ಹಾಕಿ ಉಜ್ಜುವುದು ಇಲ್ಲಿನ ಎಲ್ಲ ಮನೆಯಲ್ಲೂ ಬರುವ ಮೊದಲ ಯೋಚನೆ, ಅದನ್ನು ದಯವಿಟ್ಟು ಮಾಡಬೇಡಿ. ಹುಳಿ ಮೇಲ್ಪದರವನ್ನೇ ತೆಗೆಯುತ್ತದೆ, ಅಕ್ಷರ ಉಳಿದಿರುವುದು ಆ ಪದರದಲ್ಲಿ. ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಬಿದಿರು ಕಡ್ಡಿಯಿಂದ ಮಣ್ಣು ಬಿಡಿಸಿ, ಪೂರ್ತಿ ಒಣಗಿಸಿ ಇಡುತ್ತೇನೆ. ತಿಳಿಹಸಿರು ಪುಡಿ ಉದುರತೊಡಗಿದರೆ ಅದು ಕ್ಲೋರೈಡಿನ ರೋಗ. ಉಳಿದ ನಾಣ್ಯಗಳಿಂದ ಬೇರೆಯಿಡಬೇಕು.

ಜಾಗದ ಯಜಮಾನರ ಒಪ್ಪಿಗೆ ಬರಹದಲ್ಲಿರಬೇಕು. ಇಲ್ಲಿ 1968ರ ಕೇರಳದ ನಿಧಿ ಕಾಯ್ದೆ ಜಾರಿಯಲ್ಲಿದೆ. ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾ ಕಲೆಕ್ಟರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆಯಂತೆ ಪ್ರಾಚ್ಯವಸ್ತು, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಒಂದಕ್ಕಿಂತ ಹೆಚ್ಚು ನಾಣ್ಯ ಒಂದೇ ಗುಂಡಿಯಲ್ಲಿ, ಅಥವಾ ಮಡಕೆಯ ಅಂಚು ಕಂಡರೆ ಅಲ್ಲಿಗೇ ಕೈ ನಿಲ್ಲಿಸಿ, ಫೋಟೋ ತೆಗೆದು, ವಿಲೇಜ್ ಆಫೀಸಿಗೆ ತಿಳಿಸಿ. ಬಿಡಿ ವಸ್ತುವಿಗೂ ಬೇರೆ ಬೇರೆ ಸಣ್ಣ ಚೀಲ, ಅದರ ಮೇಲೆ ತಾರೀಕು, ಆಳ, ಪಂಚಾಂಗದ ಯಾವ ಮೂಲೆಯಿಂದ ಎಷ್ಟು ಮೀಟರ್ ಎಂಬ ಬರಹ ಇರಲಿ.