ಸೆಟಪ್ ಟೈಮ್ ಉಳಿಸಿದೆ, ಸರಿ. ದುಡ್ಡೆಷ್ಟು ಉಳಿಯಿತು?

ಐಐಎಂಗಳ ಎಂಬಿಎ ಸೀಟಿಗೆ ಬರೆಯುವ ಕ್ಯಾಟ್ ಪರೀಕ್ಷೆ ಅಂದ್ರೆ ಗಣಿತ, ಗಣಿತ ಅಂದ್ರೆ ಎಂಜಿನಿಯರ್‌ಗಳ ಕೈಯಲ್ಲಿರೋದು ಅಂತ ಅಂದುಕೊಂಡಿದ್ದೆ. ವಿಟಿಯುನಲ್ಲಿ ಮೆಕ್ಯಾನಿಕಲ್ ಮುಗಿಸಿ, ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದೆ. 2022ರ ನವೆಂಬರ್‌ನಲ್ಲಿ ಮೊದಲ ಸಲ ಬರೆದೆ. ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ, ಒಟ್ಟು 66 ಪ್ರಶ್ನೆ. ಗಣಿತ ಚೆನ್ನಾಗೇ ಆಯಿತು. ಆದರೆ ಆ ಪರೀಕ್ಷೆ ಬರೆಯುವವರಲ್ಲಿ ಎಂಜಿನಿಯರ್‌ಗಳೇ ಜಾಸ್ತಿ. ನನಗೆ ಬರುವ ಲೆಕ್ಕ ಅವರಿಗೂ ಬರುತ್ತದೆ, ಅಲ್ವಾ?

ನನ್ನನ್ನು ಕೆಡವಿದ್ದು ಇಂಗ್ಲಿಷ್ ಓದು. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಅದಕ್ಕೇ ಹೀಗಾಯಿತು ಅಂತ ಮನೆಯಲ್ಲಿ ಹೇಳಿದೆ. ಸುಳ್ಳು. ಡಿಗ್ರಿಯ ನಾಲ್ಕು ವರ್ಷದಲ್ಲಿ ಸಿಲೆಬಸ್ ಬಿಟ್ಟು ಯಾವ ಭಾಷೆಯಲ್ಲೂ ಏನೂ ಓದಿರಲಿಲ್ಲ, ಅಷ್ಟೇ. ಆ ವಿಭಾಗದ 24 ಪ್ರಶ್ನೆಗಳಲ್ಲಿ 16 ಪ್ಯಾಸೇಜ್ ಓದಿ ಉತ್ತರಿಸುವಂಥವು. ಸರಿಯಾದರೆ ಮೂರು ಅಂಕ, ತಪ್ಪಾದರೆ ಒಂದು ಕಟ್. ನಾನು ಹುಮ್ಮಸ್ಸಿನಲ್ಲಿ ಎಲ್ಲಕ್ಕೂ ಟಿಕ್ ಹಾಕಿ ಬಂದಿದ್ದೆ. ಐಐಎಂಗಳು ಪ್ರತಿ ವಿಭಾಗಕ್ಕೂ ಬೇರೆ ಕಟಾಫ್ ಇಡುತ್ತವೆ. ಎಲ್ಲಿಂದಲೂ ಕರೆ ಬರಲಿಲ್ಲ.

ಮುಂದಿನ ವರ್ಷ ಕೋಚಿಂಗ್‌ಗೆ ಸೇರಲಿಲ್ಲ, ಮಾಕ್ ಟೆಸ್ಟ್ ಮಾತ್ರ ಕೊಂಡೆ. ರಾಜಾಜಿನಗರದಿಂದ ಪೀಣ್ಯ ಇಂಡಸ್ಟ್ರಿವರೆಗೆ ಮೆಟ್ರೊದಲ್ಲಿ ದಿನಾ ಒಂದು ಲೇಖನ ಓದುತ್ತಿದ್ದೆ. ಅದರ ವಾದ ಏನು ಅಂತ ಸಂಜೆ ವಾಪಸ್ ಬರುವಾಗ ಫೋನಿನಲ್ಲಿ ಎರಡು ಸಾಲು ಬರೆಯುತ್ತಿದ್ದೆ. ಮೊದಲ ತಿಂಗಳು ಬೆಳಗ್ಗೆ ಓದಿದ್ದು ಸಂಜೆಗೆ ನೆನಪೇ ಇರುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಪ್ಯಾಸೇಜ್‌ಗಳಲ್ಲಿ ಒಂದನ್ನು ಪೂರ್ತಿ ಬಿಡೋದು ಅಂತ ಮೊದಲೇ ತೀರ್ಮಾನಿಸಿದ್ದೆ. 2023ರ ಪರೀಕ್ಷೆ ಬರೆದ ಮೇಲೆ ಎರಡು ಕಡೆಯಿಂದ ಇಂಟರ್‌ವ್ಯೂಗೆ ಕರೆ ಬಂತು.

ಮೊದಲ ಇಂಟರ್‌ವ್ಯೂನಲ್ಲಿ ಕೆಲಸದ ಬಗ್ಗೆ ಕೇಳಿದರು. ನಾನು ಕಾಯುತ್ತಿದ್ದದ್ದೇ ಅದಕ್ಕೆ. ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಒಂದು ವಿಎಂಸಿ ಮಷಿನ್‌ನಲ್ಲಿ ಒಂದು ಪಾರ್ಟ್‌ನಿಂದ ಇನ್ನೊಂದಕ್ಕೆ ಬದಲಾಯಿಸಲು, ಅಂದ್ರೆ ಒಂದು ಸೆಟಪ್‌ಗೆ, 95 ನಿಮಿಷ ಬೇಕಾಗುತ್ತಿತ್ತು. ಮುಂದಿನ ಪಾರ್ಟ್‌ನ ಟೂಲ್, ಪಾರ್ಟ್ ಹಿಡಿದಿಡುವ ಫಿಕ್ಸ್ಚರ್ ಎಲ್ಲ ಮಷಿನ್ ಓಡುತ್ತಿರುವಾಗಲೇ ಜೋಡಿಸಿಟ್ಟುಕೊಂಡು ಅದನ್ನು 40 ನಿಮಿಷಕ್ಕೆ ಇಳಿಸಿದ್ದೆ. ದುಡ್ಡೆಷ್ಟು ಉಳಿಯಿತು ಎಂದರು. 55 ನಿಮಿಷವನ್ನು ಮಷಿನ್‌ನ ಒಂದು ಗಂಟೆಯ ಖರ್ಚಿನ ರೇಟ್‌ಗೆ ಗುಣಿಸಿ ಹೇಳಿದೆ. "ಆ 55 ನಿಮಿಷ ಮಷಿನ್ ಏನು ಮಾಡಿತು?" ಎಂದರು. ನನ್ನ ಬಾಯಿ ಕಟ್ಟಿಹೋಯಿತು. ಅಲ್ಲಿ ಸೀಟು ಸಿಗಲಿಲ್ಲ.

ಎರಡನೆಯದಕ್ಕೆ ಹನ್ನೆರಡು ದಿನ ಇತ್ತು. ನಮ್ಮ ಅಕೌಂಟ್ಸ್ ಮೇಡಂ ಹತ್ತಿರ ಹೋದೆ. ಎರಡು ವರ್ಷದಲ್ಲಿ ಪೆಟ್ಟಿ ಕ್ಯಾಶ್ ವೋಚರ್ ಕೊಡೋಕೆ ಬಿಟ್ಟರೆ ಆ ರೂಮಿಗೆ ಕಾಲಿಟ್ಟಿರಲಿಲ್ಲ. ಅವರು ನಕ್ಕರು. "ಏನಪ್ಪಾ, ಮಷಿನ್ ನಿಂತರೂ ಲೋನ್ ಕಂತು ಅಷ್ಟೇ, ಆಪರೇಟರ್ ಸಂಬಳನೂ ಅಷ್ಟೇ. ನೀನು ಉಳಿಸಿದ್ದಾದರೂ ಏನು?" ಅಂದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಿಂಗಳಿಗೆ 1,200 ಪೀಸ್. ಮೊದಲು 400ರ ಬ್ಯಾಚ್, ಮೂರು ಸೆಟಪ್, 285 ನಿಮಿಷ. ಸೆಟಪ್ ಬೇಗ ಆಗುತ್ತದೆ ಅಂತ ಬ್ಯಾಚ್ ಚಿಕ್ಕದು ಮಾಡಿದ್ದೆವು. ಈಗ 150ರ ಬ್ಯಾಚ್, ಎಂಟು ಸೆಟಪ್, 320 ನಿಮಿಷ. ಸಮಯ ಉಳಿದೇ ಇರಲಿಲ್ಲ! 35 ನಿಮಿಷ ಜಾಸ್ತಿಯೇ ಹೋಗುತ್ತಿತ್ತು.

ಹಾಗಾದರೆ ಲಾಭ ಎಲ್ಲಿ? ಅದನ್ನು ತೋರಿಸಿದ್ದೂ ಅವರೇ. ನಮ್ಮ ಪಾರ್ಟ್‌ಗಳು ಕಾಯಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋಗಬೇಕು, ಅಲ್ಲಿ ಸಾಲು ನಿಲ್ಲಬೇಕು. ನಾನು ಬೇಗ ಬೇಗ ಮಾಡಿದರೆ ರಾಶಿ ಬೀಳುತ್ತದೆ, ಅಷ್ಟೇ. ಬ್ಯಾಚ್ ಚಿಕ್ಕದಾದ ಮೇಲೆ ಫ್ಲೋರ್ ಮೇಲಿನ ಆ ರಾಶಿ ಅರ್ಧಕ್ಕಿಂತ ಕಡಿಮೆಯಾಗಿತ್ತು. ಅದರಲ್ಲಿ ಸಿಕ್ಕಿಹಾಕಿಕೊಂಡಿದ್ದ ದುಡ್ಡು ವಾಪಸ್ ಬಂದಿತ್ತು, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಬಡ್ಡಿ ಇಳಿದಿತ್ತು. ಆ ರಾಶಿಯನ್ನು ನಾನು ದಿನಾ ದಾಟಿಕೊಂಡೇ ಓಡಾಡುತ್ತಿದ್ದೆ.

ಎರಡನೇ ಇಂಟರ್‌ವ್ಯೂನಲ್ಲಿ ನನ್ನ ತಪ್ಪು ಲೆಕ್ಕದಿಂದಲೇ ಶುರು ಮಾಡಿದೆ. 285, 320 ಎರಡನ್ನೂ ಹೇಳಿದೆ. ಪ್ಯಾನೆಲ್‌ನಲ್ಲಿದ್ದ ಒಬ್ಬರು ಪೆನ್ ತೆಗೆದು ಬರೆದುಕೊಂಡರು. ಹೀಟ್ ಟ್ರೀಟ್‌ಮೆಂಟ್ ನಾವೇ ಯಾಕೆ ಮಾಡಬಾರದು ಅಂತ ಕೇಳಿದರು. ಫರ್ನೇಸ್ ಬಂಡವಾಳ, ಕರೆಂಟ್ ಬಿಲ್, ಅಷ್ಟು ಕೆಲಸ ನಮ್ಮಲ್ಲಿದೆಯಾ, ಹೀಗೆ ಹತ್ತು ನಿಮಿಷ ಅದರ ಮೇಲೇ ಮಾತು. ಎಂಬಿಎ ಯಾಕೆ ಅಂತ ಕೊನೆಗೂ ಕೇಳಲಿಲ್ಲ. ನಾನು ಬಾಯಿಪಾಠ ಮಾಡಿದ್ದ ಉತ್ತರ ಹಾಗೇ ಉಳಿಯಿತು.

ಕೆಲವು ಐಐಎಂಗಳು ಎಂಜಿನಿಯರ್ ಅಲ್ಲದವರಿಗೆ ಹೆಚ್ಚುವರಿ ಅಂಕ ಕೊಡುತ್ತವೆ. ಮೊದಲ ವರ್ಷ ಅದರ ಬಗ್ಗೆ ಸುಮ್ನೆ ಗೊಣಗುತ್ತಿದ್ದೆ. ಮೇಡಂ ಬಿಕಾಂ ಓದಿದವರು ಅಂತ ಗೊತ್ತಾದ ಮೇಲೆ ಬಿಟ್ಟೆ.

ಮೇನಲ್ಲಿ ಸೀಟು ಖಚಿತವಾಯಿತು. ಕೆಲಸ ಬಿಡುವ ದಿನ ಮೇಡಂಗೆ ಸ್ವೀಟ್ ಕೊಡಲು ಹೋದೆ. "ಮೊದಲು ಆ ಹೀಟ್ ಟ್ರೀಟ್‌ಮೆಂಟ್‌ನವನಿಗೆ ಫೋನ್ ಮಾಡಪ್ಪಾ, ಎರಡು ಟ್ರೇ ಇನ್ನೂ ವಾಪಸ್ ಬಂದಿಲ್ಲ" ಅಂದರು.